ಮಿಸ್ಟರ್ ಹೆರಾಲ್ಡರ ರೆಕಾರ್ಡನ್ನು ಬಿಸಿಲಿಗಿಟ್ಟದ್ದು

ಬಿಸಿಲು ಕಂಡರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಕವಿಗಳಿಗೆ ಆಗುವಂಥ ಉಲ್ಲಾಸವೇನಲ್ಲ ಅದು. ಮನೆಯಲ್ಲಿರುವ ಯಾವುದನ್ನಾದರೂ ಹೊತ್ತು ತಂದು ಒಣಹಾಕಬೇಕೆಂಬ ಚಡಪಡಿಕೆ, ಅಷ್ಟೆ. ಸಿಯಾಟಲ್ ಕಡೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿನ ಆಕಾಶ ಅಕ್ಟೋಬರಿನಲ್ಲಿ ಮುಸುಕು ಹೊದ್ದು ಮಲಗಿದರೆ ಏಳುವುದು ಮೇ ತಿಂಗಳಿಗೆ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಿಸಿಲು ಬಂದುಬಿಡುತ್ತದೆ. ಅಕ್ಕಪಕ್ಕದವರು ಚಡ್ಡಿ ಹಾಕಿಕೊಂಡು ಸರೋವರದ ಕಡೆ ಓಡುತ್ತಾರೆ. ನಾನು ರಜಾಯಿ, ದಿಂಬು, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಮಗಳ ಒದ್ದೆ ಶೂ ಎಲ್ಲವನ್ನೂ ಹೊತ್ತುಕೊಂಡು ಮನೆಯ ಹಿಂದೆ ಹಲಗೆ ಹಾಸಿದ ಬಯಲು ಜಗುಲಿಗೆ, ಅಂದರೆ ಡೆಕ್ಕಿಗೆ, ಓಡುತ್ತೇನೆ. ನನ್ನ ಗಂಡ ಇಮ್ತಿಯಾಜ್ ಒಮ್ಮೆ ಅಲ್ಲೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು, ತಮ್ಮನ್ನೂ ಗಂಟೆಗೊಂದು ಸಲ ಮಗ್ಗುಲು ತಿರುಗಿಸಿ ಹಾಕು ಎಂದು ಹಂಗಿಸಿದ್ದರು.

ಈ ಕಾಯಿಲೆ ನನಗೆ ಅಂಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಬಿಸಿಲಿಗೆ ಹೋಗದ ವಾಸನೆಯಿಲ್ಲ, ಸಾಯದ ಹುಳವಿಲ್ಲ ಎಂದು ನಮ್ಮ ಅಮ್ಮಿ ನಂಬಿದ್ದರು. ಗೋಧಿ ತಂದ ದಿನ ಗೋಧಿ ತಾರಸಿಗೆ, ಜ್ವರ ಬಿಟ್ಟ ಮಾರನೆಯ ದಿನ ಹಾಸಿಗೆ ತಾರಸಿಗೆ. ಆರನೇ ಕ್ಲಾಸಿನಲ್ಲಿ ನಾನು ಲೆಕ್ಕದಲ್ಲಿ ಫೇಲಾದಾಗ ಪುಸ್ತಕದೊಳಗೇ ಏನೋ ಹುಳ ಸೇರಿರಬೇಕೆಂದು ನನ್ನ ಚೀಲವನ್ನೂ ಒಮ್ಮೆ ಬಿಸಿಲಿಗೆ ಸುರಿದಿದ್ದರು. ಇವೆಲ್ಲಕ್ಕಿಂತ ದೊಡ್ಡ ಒಣಹಾಕುವಿಕೆ ಎಂದರೆ ಮಳೆಗಾಲ ಮುಗಿದ ಮೇಲಿನದು. ಅಂದು ಅಬ್ಬಾರ ನೊಟೇಶನ್ ಹಾಳೆಗಳೆಲ್ಲ ಟ್ರಂಕಿನಿಂದ ಹೊರಗೆ ಬರುತ್ತಿದ್ದವು.

ನಮ್ಮ ಅಬ್ಬಾ ಬ್ಯಾಂಡ್ ಸೆಟ್ಟಿನವರು. ಹಾಗೆಂದ ಕೂಡಲೇ ನೀವು ಕೆಂಪು ಕೋಟು, ಜರಿಯ ಟೋಪಿ, ಕೈಯಲ್ಲೊಂದು ಕ್ಲಾರಿನೆಟ್ಟು ಎಂದು ಕಲ್ಪಿಸಿಕೊಳ್ಳುತ್ತೀರಿ. ಸ್ವಲ್ಪ ತಡೆಯಿರಿ. ಅಬ್ಬಾರ ಮೈಮೇಲೆ ಕೆಂಪು ಕೋಟಿರಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಮದುವೆಯ ಮೆರವಣಿಗೆಯಲ್ಲಿ ಹದಿನಾಲ್ಕು ಜನ ಊದುತ್ತ, ಬಡಿಯುತ್ತ ಹೋಗುತ್ತಿದ್ದರೆ ಇವರು ಬಿಳಿ ಅಂಗಿ ತೊಟ್ಟು ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರು. ನೋಡಿದವರು ದಾರಿ ತಪ್ಪಿ ಮೆರವಣಿಗೆಯೊಳಗೆ ಸೇರಿಕೊಂಡ ಯಾರೋ ಎಂದುಕೊಳ್ಳಬೇಕು. ಅವರ ಕೆಲಸವೆಲ್ಲ ಮನೆಯಲ್ಲಿ ಮುಗಿದಿರುತ್ತಿತ್ತು. ರೇಡಿಯೋದಲ್ಲಿ ಬಂದ ಹೊಸ ಸಿನಿಮಾ ಹಾಡನ್ನು ಎರಡು ಸಲ ಕೇಳಿ, ಹದಿನಾಲ್ಕು ಜನ ಯಾರ್‍ಯಾರು ಎಲ್ಲೆಲ್ಲಿ ಏನೇನು ಊದಬೇಕು ಎಂಬುದನ್ನು ಹದಿನಾಲ್ಕು ಹಾಳೆಗಳಲ್ಲಿ ಬರೆದು ಹಂಚುವುದು ಅವರ ಕಸುಬು. ಹಳೆಯ ಬ್ಯಾಂಡ್ ಮಾಸ್ತರೊಬ್ಬರಿಂದ ಅದನ್ನು ಕಲಿತಿದ್ದರಂತೆ. ನಿಮ್ಮಪ್ಪ ಏನು ಬಾರಿಸ್ತಾರೆ ಎಂದು ಸ್ಕೂಲಿನಲ್ಲಿ ಕೇಳಿದರೆ ನಮ್ಮಪ್ಪ ಬ್ಯಾಂಡಿನ ಓನರ್ ಎಂದು ಸುಳ್ಳು ಹೇಳಿ ನಾಲ್ಕು ವರ್ಷ ನಿಭಾಯಿಸಿದೆ.

ತಾರಸಿಯಲ್ಲಿ ಹಾಳೆಗಳ ಮೇಲೆ ಕಲ್ಲು ಹೇರಿ ಕಾಯುವ ಕೆಲಸ ನನ್ನದು. ಒಂದು ವರ್ಷ ನಾನು ಕತೆ ಪುಸ್ತಕದಲ್ಲಿ ಮುಳುಗಿದ್ದಾಗ ಗಾಳಿ ಬಂತು. ಓಡಾಡಿ ಎಲ್ಲವನ್ನೂ ಹಿಡಿದು ತಂದೆನೇನೋ ಸರಿ, ಕೈಗೆ ಸಿಕ್ಕ ಹಾಗೆ ಕಟ್ಟಿ ಟ್ರಂಕಿಗೆ ಹಾಕಿದೆ. ಮುಂದಿನ ಮದುವೆಯಲ್ಲಿ ಕ್ಲಾರಿನೆಟ್ಟಿನವನದನ್ನು ಯುಫೋನಿಯಂನವರು ಊದಿದರು, ಯುಫೋನಿಯಂನವರದನ್ನು ಟ್ರಂಪೆಟ್ಟಿನವನು ಊದಿದ. ಅಬ್ಬಾ ಮನೆಗೆ ಬಂದು ಚಹಾ ಕುಡಿದು, ಇವತ್ತು ಮದುಮಗನ ಕಡೆಯವರು ತುಂಬಾ ಹೊಗಳಿದರು ಎಂದಷ್ಟೇ ಅಮ್ಮಿಗೆ ಹೇಳಿದರು. ಮಾರನೆಯ ದಿನ ಎಲ್ಲ ಹಾಳೆಗಳಿಗೂ ಕೆಂಪು ಇಂಕಿನಲ್ಲಿ ನಂಬರ್ ಹಾಕುತ್ತ ಕೂತಿದ್ದರು. ನನಗೆ ಒಂದು ಮಾತೂ ಬೈಯಲಿಲ್ಲ.

ಈಗ ಮಿಸ್ಟರ್ ಹೆರಾಲ್ಡರ ವಿಷಯ. ಸಿಯಾಟಲ್ ಪಕ್ಕದ ರೆಂಟನ್ನಿನಲ್ಲಿ ನಮ್ಮ ಬೇಲಿಗೆ ಅಂಟಿಕೊಂಡ ಮನೆ ಅವರದು. ಎಂಬತ್ತೆಂಟು ವರ್ಷ, ಒಂಟಿ ಜೀವ. ಇಲ್ಲೇ ಕೆಳಗಿನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಯ ತಗಡುಗಳನ್ನು ಜೋಡಿಸುತ್ತಿದ್ದವರು. ಹೊಸದರಲ್ಲಿ ನಾನು ಅವರನ್ನು ಅಂಕಲ್ ಎಂದೆ. ಅವರು ಬಹಳ ಗಂಭೀರವಾಗಿ, ತಮಗೆ ಗೊತ್ತಿರುವ ಮಟ್ಟಿಗೆ ನಾವು ಸಂಬಂಧಿಕರಲ್ಲ ಎಂದರು. ನನ್ನ ಮಗಳು ಝೋಯಾ ಬರೀ ಹೆರಾಲ್ಡ್ ಎಂದು ಕರೆಯುತ್ತಾಳೆ, ಅದು ನನ್ನ ಬಾಯಲ್ಲಿ ಬರುವುದಿಲ್ಲ. ಹೀಗಾಗಿ ಅವರು ನನಗೆ ಮಿಸ್ಟರ್ ಹೆರಾಲ್ಡ್ ಆದರು, ಶಮೀಮ್ ಎಂಬ ನಾನು ಅವರಿಗೆ ಶಾಮಿಯಾದೆ.

ಬೇಲಿಯ ಬಳಿ ನಿಂತು ಅದೂ ಇದೂ ಮಾತಾಡುವಾಗ ಒಮ್ಮೆ ಅಬ್ಬಾರ ಕಸುಬಿನ ಮಾತು ಬಂತು. ಅವರ ಮುಖ ಅರಳಿತು. ಒಳಗೆ ಹೋಗಿ ನೆಲಮಾಳಿಗೆಯಿಂದ ಒಂದು ಎಲ್ಪಿ ರೆಕಾರ್ಡು ತಂದರು. ಐವತ್ತರ ದಶಕದ ಕೊನೆಯ ಜಾಝ್. ಹೊದಿಕೆಯ ಚಿತ್ರದಲ್ಲಿ ಹನ್ನೆರಡು ಜನ ವಾದ್ಯ ಹಿಡಿದು ಕೂತಿದ್ದಾರೆ. ಅವರೆದುರು ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ಕಿವಿಯ ಮೇಲೊಂದು ಪೆನ್ಸಿಲ್ಲು. ರೆಕಾರ್ಡು ಅವನದು, ಹೆಸರು ಅವನದು, ಆದರೆ ಅವನು ಅದರಲ್ಲಿ ಯಾವ ವಾದ್ಯವನ್ನೂ ನುಡಿಸಿಲ್ಲ. ರಾಗ ಕಟ್ಟಿದ, ಯಾರು ಎಲ್ಲಿ ಏನು ನುಡಿಸಬೇಕೆಂದು ಬರೆದು ಹಂಚಿದ, ಅಷ್ಟೆ. ಅವನ ಹೆಸರು ಹೇಳಿದರೆ ನಿಮಗೇನು, ಇಲ್ಲಿಯವರಿಗೂ ಗೊತ್ತಿಲ್ಲ. ಸಿಯಾಟಲ್ಲಿನ ಯಾವುದೋ ಪುಟ್ಟ ಕಂಪನಿ ಬೆರಳೆಣಿಕೆಯಷ್ಟು ಪ್ರತಿಗಳನ್ನು ಒತ್ತಿಸಿ ಮುಚ್ಚಿಹೋಯಿತಂತೆ. ನಾನು ಆ ಬೆನ್ನನ್ನೇ ನೋಡುತ್ತ ನಿಂತೆ. ಈ ಕಸುಬಿಗೆ ಅರೇಂಜರ್ ಎಂದು ಒಂದು ಹೆಸರಿದೆ, ಅದನ್ನು ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿ ಹಾಕುತ್ತಾರೆ ಎಂಬುದು ನನಗೆ ಐವತ್ತನೇ ವರ್ಷದಲ್ಲಿ ಗೊತ್ತಾಯಿತು. ಓನರ್ ಎಂದು ಸುಳ್ಳು ಹೇಳಬೇಕಾಗಿರಲಿಲ್ಲ.

ಹೆರಾಲ್ಡ್ ಹೊದಿಕೆಯನ್ನು ತಿರುಗಿಸಿ, ಹಿಂದೆ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾದ ಹೆಸರುಗಳಲ್ಲಿ ಒಂದರ ಮೇಲೆ ಬೆರಳಿಟ್ಟರು. ಆರ್ಥರ್, ಮೂರನೇ ಟ್ರಾಂಬೋನ್. ಅವರ ಅಣ್ಣ. ವಾರವೆಲ್ಲ ಬಸ್ಸು ಓಡಿಸುತ್ತಿದ್ದ, ವಾರದ ಕೊನೆಗೆ ಕೈಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಆ ಉದ್ದನೆಯ ಹಿತ್ತಾಳೆ ವಾದ್ಯವನ್ನು ಊದುತ್ತಿದ್ದ. ಈ ರೆಕಾರ್ಡಾದ ಎರಡು ವರ್ಷಕ್ಕೆ ತೀರಿಹೋದ. ಅವನ ದನಿಯಾಗಲಿ, ಉಸಿರಾಗಲಿ ಬೇರೆಲ್ಲೂ ಉಳಿದಿಲ್ಲ. ಇದರಲ್ಲಿ ಒಂದೇ ಒಂದು ಕಡೆ, ಹದಿನೈದು ಸೆಕೆಂಡು, ಅವನೊಬ್ಬನೇ ನುಡಿಸುತ್ತಾನೆ. ಪ್ರತಿ ಸಲ ಹಾಕಿದಾಗಲೂ ಸೂಜಿ ಒಂದಿಷ್ಟು ಸವೆಸುತ್ತದೆ ಎಂದು ಹೆರಾಲ್ಡ್ ಅದನ್ನು ಹನ್ನೆರಡು ವರ್ಷದಿಂದ ಹಾಕಿಯೇ ಇರಲಿಲ್ಲ.

ನನಗೆ ಬಾಯಿ ಸುಮ್ಮನಿರಬೇಕಲ್ಲ. ನಮ್ಮನೆಯವರು ಕಂಪ್ಯೂಟರಿನವರು, ಒಂದು ಗಂಟೆಯಲ್ಲಿ ಕಾಪಿ ಮಾಡಿಕೊಡುತ್ತಾರೆ, ಆಮೇಲೆ ಎಷ್ಟು ಸಲ ಬೇಕಾದರೂ ಕೇಳಿ ಎಂದು ಘೋಷಿಸಿದೆ. ಹೆರಾಲ್ಡ್ ಎರಡೂ ಕೈಯಲ್ಲಿ ಹಿಡಿದು ರೆಕಾರ್ಡನ್ನು ಬೇಲಿಯ ಮೇಲಿಂದ ದಾಟಿಸಿದರು. ಇಮ್ತಿಯಾಜ್ ಅದಕ್ಕೆ ಬೇಕಾದ ಯಂತ್ರವನ್ನೇನೋ ತರಿಸಿದರು. ಈ ವೀಕೆಂಡ್ ಮಾಡ್ತೀನಿ ಎಂದು ಮೂರು ವೀಕೆಂಡ್ ಕಳೆದರೂ ಯಂತ್ರ ಡಬ್ಬಿಯಿಂದ ಆಚೆ ಬರಲಿಲ್ಲ.

ನಾಲ್ಕನೆಯ ವಾರ, ಮಂಗಳವಾರ, ಬಿಸಿಲು ಬಂತು.

ಎಂಥ ಬಿಸಿಲು ಅಂತೀರಿ. ಮೇ ತಿಂಗಳಲ್ಲೇ ಡೆಕ್ಕಿನ ಹಲಗೆ ಕಾಲು ಸುಡುತ್ತಿತ್ತು. ರಜಾಯಿಗಳನ್ನು ಹೊರಗೆ ಹಾಕಿ ಬರುವಾಗ ಕಪಾಟಿನ ಮೇಲಿದ್ದ ರೆಕಾರ್ಡಿನ ನೆನಪಾಯಿತು. ನೆಲಮಾಳಿಗೆಯಲ್ಲಿದ್ದ ಹೊದಿಕೆಗೆ ಬೂಷ್ಟಿನ ವಾಸನೆ ಹತ್ತಿತ್ತು. ಪಾಪ, ವಾಸನೆ ತೆಗೆದು ಕೊಟ್ಟರೆ ಮುದುಕರಿಗೆ ಖುಷಿಯಾಗುತ್ತದೆ ಎನ್ನಿಸಿತು. ಬರೀ ಹೊದಿಕೆಗೆ ಬಿಸಿಲು ತೋರಿಸಬಹುದಿತ್ತು ಎಂದು ನೀವು ಹೇಳುತ್ತೀರಿ. ಆದರೆ ಕವರ್ ಒಣಗಿದರೆ ಸಾಲದು, ದಿಂಬೂ ಒಣಗಬೇಕು ಎಂಬುದು ನಮ್ಮ ಅಮ್ಮಿಯ ಶಿಕ್ಷಣ. ರೆಕಾರ್ಡನ್ನು ಹೊರತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮೆಣಸಿನಕಾಯಿಯ ಪಕ್ಕ ಕಂಬಿಗೆ ಒರಗಿಸಿ ನಿಲ್ಲಿಸಿದೆ. ಹತ್ತು ನಿಮಿಷ ಎಂದುಕೊಂಡು ಒಳಗೆ ಬಂದೆ. ಕಂಪ್ಯೂಟರಿನಲ್ಲಿ ಆಫೀಸಿನ ಮೀಟಿಂಗ್ ಶುರುವಾಯಿತು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಬೇರೆಯವರ ತಪ್ಪು ಹುಡುಕುತ್ತ ಒಂದೂಮುಕ್ಕಾಲು ಗಂಟೆ ಕಳೆದುಹೋಯಿತು.

ಹಪ್ಪಳ ಕಾದ ಎಣ್ಣೆಗೆ ಬಿದ್ದ ಕೂಡಲೇ ಅಂಚು ಸೊಟ್ಟಗೆ ಮಾಡಿ ಏಳುತ್ತದಲ್ಲ, ರೆಕಾರ್ಡು ಹಾಗೆ ಎದ್ದಿತ್ತು. ಮುಟ್ಟಿದರೆ ಮೆತ್ತಗಿತ್ತು. ಝೋಯಾಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ಕೂಲಿನಿಂದ ಬಂದವಳು ನೋಡಿ, ಇದು ಪ್ಲಾಸ್ಟಿಕ್, ನೀನು ಕರಗಿಸಿದ್ದೀಯ ಎಂದು ಡಾಕ್ಟರರಂತೆ ಶಾಂತವಾಗಿ ಹೇಳಿದಳು. ಇಂಟರ್ನೆಟ್ಟಿನಲ್ಲಿ ಎರಡು ಗಾಜಿನ ನಡುವೆ ಇಟ್ಟು ಓವನ್ನಿಗೆ ಹಾಕುವ ಉಪಾಯವಿತ್ತು. ಇಮ್ತಿಯಾಜ್ ಓವನ್ನಿಗೆ ಅಡ್ಡ ನಿಂತು, ಬಿಸಿಯಿಂದ ಆಗಿದ್ದನ್ನ ಬಿಸಿಯಿಂದಲೇ ಸರಿಮಾಡೋ ಸಾಹಸ ಬೇಡ ಎಂದರು. ಕೊನೆಗೆ ರೆಕಾರ್ಡಿನ ಮೇಲೆ ಸೋನಾ ಮಸೂರಿ ಅಕ್ಕಿಯ ಚೀಲ, ಅದರ ಮೇಲೆ ಇಡ್ಲಿ ಹಿಟ್ಟಿನ ಗ್ರೈಂಡರ್, ಅದರ ಮೇಲೆ ಝೋಯಾಳ ಕೆಮಿಸ್ಟ್ರಿ ಪುಸ್ತಕ. ಮೂರು ದಿನ ನಮ್ಮ ಮನೆಯಲ್ಲಿ ಅನ್ನವಿಲ್ಲ, ಇಡ್ಲಿಯಿಲ್ಲ, ಕೆಮಿಸ್ಟ್ರಿಯಿಲ್ಲ. ನಡುಭಾಗ ಒಂದಿಷ್ಟು ತಗ್ಗಿದ ಹಾಗೆ ಕಂಡಿತು. ಅಂಚು ಮಾತ್ರ ಜಪ್ಪಯ್ಯ ಎಂದರೂ ಕೂರಲಿಲ್ಲ.

ಇಮ್ತಿಯಾಜ್ ಇಂಟರ್ನೆಟ್ಟಿನಲ್ಲಿ ಇನ್ನೊಂದು ಪ್ರತಿಗಾಗಿ ಜಾಲಾಡಿದರು. ಇರಲಿಲ್ಲ. ತಾವು ಮೂರು ವಾರ ತಳ್ಳಿಕೊಂಡು ಬಂದದ್ದು ಅವರಿಗೂ ಚುಚ್ಚುತ್ತಿತ್ತು.

"ಹೇಗೂ ಅವರು ಅದನ್ನ ಹಾಕೋದಿಲ್ವಲ್ಲ. ಕಾಪಿ ಇನ್ನೂ ಆಗ್ತಾ ಇದೆ ಅಂತ ಹೇಳ್ತಾ ಇರು," ಎಂದರು.

ಆ ಮಾತಿಗೆ ನಾನು ಛೀ ಎಂದೆನೆಂದು ಬರೆಯಲು ಆಸೆ. ನಿಜವಾಗಿ ನಾನು ಅದನ್ನು ಎರಡು ದಿನ ಯೋಚಿಸಿದೆ. ಎಂಬತ್ತೆಂಟು ವರ್ಷದವರು, ಎಷ್ಟು ದಿನ ಹೇಳುತ್ತಿರಬೇಕಾದೀತು ಎಂಬಲ್ಲಿಗೂ ಒಂದು ಕ್ಷಣ ಮನಸ್ಸು ಹೋಗಿ ಬಂತು. ತೌಬಾ, ತೌಬಾ. ಅಷ್ಟು ಕೆಟ್ಟವಳು ನನ್ನೊಳಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಕಸದ ಡಬ್ಬಿಯನ್ನು ರಸ್ತೆಗೆ ಇಡುವಾಗ ಅವರ ಬಾಗಿಲು ಮುಚ್ಚಿದೆಯೇ ಎಂದು ನೋಡಿ ಹೋಗುತ್ತಿದ್ದೆ. ಅವರು ಕಿಟಕಿಯಿಂದ ಕೈಯೆತ್ತಿದರೆ ಫೋನಿನಲ್ಲಿ ಮಾತಾಡುವವಳಂತೆ ನಟಿಸುತ್ತಿದ್ದೆ. ಅವರೋ, ಕಾಪಿ ಆಯಿತೇ ಎಂದು ಒಂದು ಸಲವೂ ಕೇಳಲಿಲ್ಲ. ಶುಕ್ರವಾರ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಅವರ ತೋಟದ ರೂಬಾರ್ಬ್, ಕೆಂಪು ಹುಳಿದಂಟು, ಒಂದು ಕಟ್ಟು. ಹೋದ ವರ್ಷ ಅದರಲ್ಲಿ ನಾನು ಗೊಜ್ಜು ಮಾಡಿಕೊಟ್ಟದ್ದನ್ನು ನೆನಪಿಟ್ಟುಕೊಂಡಿದ್ದರು. ಆ ಕಟ್ಟನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಅಳು ಬಂತು. ಒಬ್ಬ ಮನುಷ್ಯನ ಅಣ್ಣನನ್ನು ಮೆಣಸಿನಕಾಯಿಯ ಪಕ್ಕ ಒಣಹಾಕಿ ಸುಟ್ಟವಳು ನಾನು.

ಶನಿವಾರ ಬೆಳಿಗ್ಗೆ ಶಾವಿಗೆ ಖೀರು ಮಾಡಿದೆ. ತಪ್ಪೊಪ್ಪಿಕೊಳ್ಳಲು ಹೋಗುವಾಗಲೂ ನಮ್ಮ ಜನ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಕೈಯಲ್ಲಿ ಖೀರಿನ ಡಬ್ಬಿ, ಇನ್ನೊಂದರಲ್ಲಿ ರೆಕಾರ್ಡು. ಖೀರಿನಲ್ಲಿ ಸಕ್ಕರೆ ಕಮ್ಮಿಯಾಗಿತ್ತೆಂದು ಆಮೇಲೆ ಗೊತ್ತಾಯಿತು.

ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬೂಷ್ಟು, ಬಿಸಿಲು, ಅಮ್ಮಿ, ದಿಂಬು, ಮೀಟಿಂಗು, ಅಕ್ಕಿಚೀಲ, ಕೊನೆಗೆ ಫೋನಿನ ನಾಟಕವನ್ನೂ. ಅವರು ರೆಕಾರ್ಡನ್ನು ಹೊರತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸಿ ನೋಡಿದರು. ಕಾರ್ಖಾನೆಯಲ್ಲಿ ತಗಡು ಸಮವಾಗಿದೆಯೇ ಎಂದು ಮೂವತ್ತು ವರ್ಷ ಹಾಗೇ ನೋಡಿದ್ದವರು. ನಾನು ಮೇಜಿನ ಮೇಲಿನ ಗೆರೆಗಳನ್ನು ಎಣಿಸುತ್ತ ಕೂತಿದ್ದೆ. ಬೈದುಬಿಡಬಾರದೇ ಎನ್ನಿಸಿತು.

ಅವರು ಎದ್ದು ಮುಂದಿನ ಕೋಣೆಗೆ ಹೋಗಿ ಪ್ಲೇಯರಿನ ಮೇಲಿನ ಬಟ್ಟೆ ತೆಗೆದರು. ನನಗೆ ಓಡಿಹೋಗಬೇಕೆನಿಸಿದರೂ ಖೀರಿನ ಡಬ್ಬಿ ಹಿಡಿದು ಹಿಂದೆಯೇ ಹೋದೆ. ಮೊದಲ ಹಾಡಿಗೆ ಸೂಜಿ ಇಟ್ಟರು. ದೇವರೇ, ಅದು ಹಳ್ಳದ ರಸ್ತೆಯಲ್ಲಿ ಬಸ್ಸು ಹೋದ ಹಾಗೆ ಎದ್ದು ಬಿದ್ದು, ಹನ್ನೆರಡು ಜನರೂ ಒಟ್ಟಿಗೆ ಬಿಕ್ಕಳಿಸಿದರು. ಎರಡನೆಯ ಹಾಡಿನಲ್ಲಿ ಸೂಜಿ ಎರಡು ಕಡೆ ಹಾರಿತು. ಅವರು ಅದನ್ನು ಎತ್ತಿ, ರೆಕಾರ್ಡನ್ನು ಮಗುಚಿ, ನಡುವಿನ ಚೀಟಿಯ ಹತ್ತಿರ, ಕೊನೆಯ ಹಾಡಿಗೆ ಇಟ್ಟರು.

ಅಲ್ಲಿ ಸೂಜಿ ಅಲುಗಾಡಲಿಲ್ಲ. ನಾನು ಸುಟ್ಟದ್ದು ಅಂಚನ್ನು. ಆರ್ಥರ್ ಇದ್ದದ್ದು ನಡುವಿನಲ್ಲಿ.

ಮೊದಲು ಎಲ್ಲರೂ ಸೇರಿ ನುಡಿಸುತ್ತಿದ್ದರು. ನನಗೆ ಆ ಸಂಗೀತ ತಿಳಿಯುವುದಿಲ್ಲ, ಆದರೆ ಯಾರೂ ಯಾರ ಕಾಲನ್ನೂ ತುಳಿಯದೆ ನಡೆಯುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಒಂದು ಕಡೆ ಎಲ್ಲರೂ ಥಟ್ಟನೆ ನಿಂತರು. ಆ ಖಾಲಿ ಜಾಗದಲ್ಲಿ ಒಂದೇ ಟ್ರಾಂಬೋನ್, ದೊಡ್ಡದಾಗಿ ಅಲ್ಲ, ಊಟವಾದ ಮೇಲೆ ಜಗುಲಿಯಲ್ಲಿ ಕೂತು ಮಾತಾಡುವವರ ದನಿಯಲ್ಲಿ ಒಂದು ಮಾತು ಹೇಳಿ ಮುಗಿಸಿತು. ಮತ್ತೆ ಎಲ್ಲರೂ ಸೇರಿಕೊಂಡರು. ಮೂರನೇ ಟ್ರಾಂಬೋನಿನವರಿಗೆ ಯಾರೂ ಹೀಗೆ ಒಂಟಿಯಾಗಿ ನುಡಿಸಲು ಕೊಡುವುದಿಲ್ಲ, ಯಾಕೆ ಕೊಟ್ಟರೋ ತನಗೆ ಇವತ್ತಿಗೂ ಗೊತ್ತಿಲ್ಲ ಎಂದು ಹೆರಾಲ್ಡ್ ಹೇಳಿದರು.

ನನಗೆ ಗೊತ್ತಿತ್ತು. ಅಬ್ಬಾರ ಬ್ಯಾಂಡಿನಲ್ಲಿ ಬಷೀರ್ ಚಾಚಾ ಎಂಬವರು ಯುಫೋನಿಯಂ ಊದುತ್ತಿದ್ದರು. ಮಗುವನ್ನು ತಬ್ಬಿಕೊಂಡ ಹಾಗೆ ತಬ್ಬಿಕೊಂಡು ಊದುವ ಭಾರಿ ವಾದ್ಯ ಅದು, ಜೀವಮಾನವೆಲ್ಲ ಭೋಂ ಭೋಂ ಅಷ್ಟೇ ಅದರ ಪಾಲಿಗೆ. ಅಬ್ಬಾ ಮಾತ್ರ ಪ್ರತಿ ಹಾಡಿನಲ್ಲೂ ಎಲ್ಲಾದರೂ ಒಂದು ಕಡೆ ಮಿಕ್ಕವರನ್ನು ಸುಮ್ಮನಿರಿಸಿ ಎರಡು ಸಾಲು ಅವರಿಗೆ ಬರೆದಿಡುತ್ತಿದ್ದರು. ಹಾಡು ಕೆಡುವುದಿಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ. "ಅವನ ಹೆಂಡತಿನೂ ರಸ್ತೇಲಿ ನಿಂತು ಕೇಳ್ತಿರ್ತಾಳಲ್ಲ," ಎಂದಿದ್ದರು. ಮೈಸೂರಿನ ನಮ್ಮ ಮನೆಯ ಮಾತು ಉರ್ದು, ಆದರೆ ಈ ಮಾತು ನನ್ನ ನೆನಪಿನಲ್ಲಿ ಉಳಿದಿರುವುದು ಯಾಕೋ ಕನ್ನಡದಲ್ಲೇ. ಇದನ್ನು ಹೇಗೋ ಇಂಗ್ಲಿಷಿಗೆ ತಂದು ಹೆರಾಲ್ಡರಿಗೆ ಹೇಳಿದೆ. ಅವರು ಬಹಳ ಹೊತ್ತು ತಲೆಯಾಡಿಸುತ್ತಿದ್ದರು. ತಮ್ಮ ಅತ್ತಿಗೆ ಅದನ್ನು ಕೇಳಿದ್ದಳು ಎಂದರು. ಅಬ್ಬಾ ಬರೆದದ್ದು ಯಾವುದೂ ಯಾವ ರೆಕಾರ್ಡಿನ ತಟ್ಟೆಯ ಮೇಲೂ ಉಳಿದಿಲ್ಲ ಎಂಬ ನೋವು ನನಗೆ ಆ ಗಳಿಗೆಯಲ್ಲಿ ಸ್ವಲ್ಪ ಕಡಿಮೆಯಾಯಿತು. ಆ ಬೆನ್ನಿನ ಮನುಷ್ಯನೂ ನಮ್ಮ ಅಬ್ಬಾನೂ ಒಂದೇ ಅಂಗಡಿಯವರು.

ಹೆರಾಲ್ಡ್ ಸೂಜಿಯನ್ನು ಎತ್ತಿ ಮತ್ತೆ ಅದೇ ಹಾಡಿಗೆ ಇಟ್ಟರು. ಆರ್ಥರ್ ಬಂದ, ಹೋದ. ಮತ್ತೆ ಇಟ್ಟರು. ಉಳಿದದ್ದನ್ನೂ ಈಗಲೇ ಸವೆಸಿಬಿಡುತ್ತಾರಲ್ಲ, ಕಾಪಿಯೂ ಇಲ್ಲ. ಇವತ್ತೇ ಇಮ್ತಿಯಾಜರನ್ನು ಕೂರಿಸಿ ಕಾಪಿ ಮಾಡಿಸುತ್ತೇನೆ, ಅಲ್ಲಿಯವರೆಗೆ ಹಾಕಬೇಡಿ ಎಂದೆ. (ಕಾಪಿ ಅದೇ ಸಂಜೆ ಆಯಿತೆನ್ನಿ, ಬಿಕ್ಕಳಿಕೆ ಸಮೇತ.) ಅವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಾನು ಎದುರು ನೋಡುತ್ತಿದ್ದ ಸಿಟ್ಟಾಗಲಿ, ದುಃಖವಾಗಲಿ ಇರಲಿಲ್ಲ. ಭಾರವಾದ ಚೀಲವನ್ನು ಕೆಳಗಿಳಿಸಿದವರ ಮುಖ ಅದು.

"ಹನ್ನೆರಡು ವರ್ಷ ಇದಕ್ಕೆ ಕಾವಲು ಕೂತೆ, ಶಾಮಿ," ಎಂದರು. "ಹಾಳಾಗಬಾರದು ಅಂತ. ಒಂದು ಸಲ ಕೂಡ ಕೇಳಲಿಲ್ಲ. ಈಗ ಹೇಗೂ ಹಾಳಾಯಿತು. ಇನ್ನು ದಿನಾ ಕೇಳಬಹುದು."

ನಾನು ಅಳುತ್ತಿದ್ದೆನೋ, ನಗುತ್ತಿದ್ದೆನೋ. ಐದು ದಿನದಿಂದ ಎದೆಯ ಮೇಲಿದ್ದ ಅಕ್ಕಿಚೀಲ, ಗ್ರೈಂಡರ್ ಎರಡನ್ನೂ ಯಾರೋ ಎತ್ತಿದ ಹಾಗಾಯಿತು. ಹಾಡು ಮುಗಿದು ತಟ್ಟೆ ಸುಮ್ಮನೆ ತಿರುಗುತ್ತಿತ್ತು. ಹೆರಾಲ್ಡ್ ಕುರ್ಚಿಗೆ ಒರಗಿ ಖೀರಿನ ಡಬ್ಬಿಯ ಮುಚ್ಚಳ ತೆಗೆದರು, ಚಮಚ ಎಲ್ಲಿದೆ ಎಂದು ಹುಡುಕಿದರು. ಆಮೇಲೆ ಪ್ಲೇಯರಿನ ಕಡೆ ಗದ್ದದಿಂದ ತೋರಿಸಿ, ಈ ಸಲ ನೀನು ಇಡು ಎಂದರು. ನಾನು ಹಿಂದೆ ಸರಿದೆ. ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ ಎಂದೆ. ಅವರು ಎದ್ದು ಬಂದು ನನ್ನ ಬೆರಳಿಗೆ ಸೂಜಿಯ ಹಿಡಿ ಸಿಕ್ಕಿಸಿ, ಆರ್ಥರ್ ಎಲ್ಲಿದ್ದಾನೆಂದು ತೋರಿಸಿದರು. ನಾಲ್ಕನೆಯ ಸಲ ಅದನ್ನು ನಾನೇ ಇಟ್ಟೆ.